ಎಡಿಎಚ್‌ಡಿ ಇದ್ದವರಿಗೆ ವಾಕಿಂಗ್‌ನಿಂದ ಗಮನ ನಿಲ್ಲುತ್ತದೆಯಾ?

ಹುಬ್ಬಳ್ಳಿಯ ಲೆಕ್ಕದಾಕೆ:
ನನಗೆ 36 ವರ್ಷ. ದಾಜಿಬಾನ್ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಆತುರ ತಡೆಯಲಾಗದ ತೊಂದರೆ, ಇದೆ ಅಂತ ಹೋದ ವರ್ಷ ಗೊತ್ತಾಯಿತು. ಮಾತ್ರೆಯಿಂದ ಉಪಯೋಗ ಆಗಿದೆ. ಆದರೂ ಜಿಎಸ್‌ಟಿ ಬಿಲ್ ಹಾಕುತ್ತಾ ಎಂಟನೆಯದಕ್ಕೆ ಬರುವಷ್ಟರಲ್ಲಿ ಕೈ ಮೊಬೈಲ್ ಹಿಡಿದಿರುತ್ತದೆ. ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕುತ್ತೇನೆ. ಮೊನ್ನೆ ಅತ್ತೆ ತವರಿನ ಜಮೀನಿನ ವಿಷಯ ಹೇಳುತ್ತಿದ್ದರು. ಮಾತು ಮುಗಿಯುವ ಮೊದಲೇ ನಾನು ತೀರ್ಪು ಕೊಟ್ಟೆ. ಅವರು ಸುಮ್ನೆ ಎದ್ದು ಒಳಗೆ ಹೋದರು. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಡಾಕ್ಟರ್ ದಿನಾ ವ್ಯಾಯಾಮ ಮಾಡಿ ಅಂದರು. ಒಂದು ತಿಂಗಳು ರಾತ್ರಿ ಊಟ ಮುಗಿಸಿ ಓಣಿಯಲ್ಲಿ ಅಡ್ಡಾಡಿದೆ. ಏನೂ ಫರಕ್ ಕಾಣಲಿಲ್ಲ. ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ?

ಕೆಲಗೇರಿ ಸೈಕಲ್:
ಅಕ್ಕಾರ, ನನಗೆ ಆಗಿದೆ. ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರ್ ನಾನು. ನೀವು ಅಡ್ಡಾಡುವ ಹೊತ್ತು ಬದಲಿಸಿ ನೋಡಿ. ವ್ಯಾಯಾಮ ಮಾಡಿದಾಗ ಮೆದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳು ಜಾಸ್ತಿ ಆಗುತ್ತವೆ ಅಂತಾರೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ ಕೆಲಸ ಮಾಡುವುದೂ ಇವುಗಳ ಮೇಲೆಯೇ. ಆದರೆ ವ್ಯಾಯಾಮದ ಪರಿಣಾಮ ಸಣ್ಣದು, ಬೇಗ ಇಳಿಯುತ್ತದೆ. ರಾತ್ರಿ ಅಡ್ಡಾಡಿ ಮಲಗಿದರೆ ಮರುದಿನದ ಬಿಲ್ಲಿಗೆ ಅದು ಎಲ್ಲಿ ಉಳಿಯಬೇಕು?

ನಾನು ಮುಂಜಾನೆ ಕೆಲಗೇರಿ ಕೆರೆ ಕಡೆ ಅರ್ಧ ತಾಸು ಸೈಕಲ್ ಹೊಡೆಯುತ್ತೇನೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಏದುಸಿರು. ಬಂದು ಸ್ನಾನ ಮಾಡಿ ನೇರ ಉತ್ತರ ಪತ್ರಿಕೆ ಕಟ್ಟು ಬಿಚ್ಚುತ್ತೇನೆ. ಪೇಪರ್ ಓದುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ. ಮೊದಲು ಒಂದೇ ಪತ್ರಿಕೆಯನ್ನು ಮೂರು ಸಲ ತಿರುವಿ, ಕೆಂಪು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಕೂರುತ್ತಿದ್ದೆ. ಈಗ ಆ ಒಂದು ತಾಸಿನಲ್ಲಿ ಹದಿನೈದು ಮುಗಿಯುತ್ತವೆ. ಆ ತಾಸನ್ನು ಸುಲಭದ ಕೆಲಸಕ್ಕೆ ಕೊಡಬೇಡಿ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಪರದೆಯಲ್ಲಿ ಒಂದು ಗುರುತು ಬಂದರೆ ಬಟನ್ ಒತ್ತಬೇಕು, ಇನ್ನೊಂದು ಬಂದರೆ ಕೈ ತಡೆಯಬೇಕು. ನಡುವೆ ಬಾಯಿ ಹಾಕದೆ ಇರುವುದೂ ಅದೇ ತಡೆ ಅಲ್ವಾ? ಒಂದು ಸಲದ ವ್ಯಾಯಾಮದ ನಂತರ ಇಂಥ ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ. ಎಲ್ಲರಲ್ಲೂ ಅಲ್ಲ. ದೊಡ್ಡವರ ಮೇಲಿನ ಅಧ್ಯಯನಗಳು ಮಕ್ಕಳ ಮೇಲಿನವುಗಳಿಗಿಂತ ಕಡಿಮೆ. ಮಾತ್ರೆ ಮಾತ್ರ ಬಿಡಬೇಡಿ.

ಗದಗಿನ ಓದುಗಳು:
ಒಂದು ಎಚ್ಚರಿಕೆ ಅಕ್ಕಾ. ಈ ಕಾಯಿಲೆಯ ಕೆಲವು ಮಾತ್ರೆಗಳಿಂದ ಎದೆಬಡಿತ, ಬಿಪಿ ಏರಬಹುದು. ಜೋರಾಗಿ ಓಡುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಮತ್ತೆ ಒಬ್ಬರೇ ಹೋಗಬೇಡಿ. ನಾನು ಒಬ್ಬಳೇ ಶುರು ಮಾಡಿದ್ದು ಪ್ರತಿ ಸಲ ಎರಡನೇ ವಾರಕ್ಕೆ ನಿಂತಿದೆ. ಈಗ ಎದುರುಮನೆ ವೈನಿ ಆರಕ್ಕೆ ಗೇಟ್ ಬಡಿಯುತ್ತಾರೆ, ಏಳಲೇಬೇಕು.

ಹುಬ್ಬಳ್ಳಿಯ ಲೆಕ್ಕದಾಕೆ:
ಡಾಕ್ಟರ್ ಹತ್ತಿರ ಕೇಳಿದೆ, ಬಿರುಸಾಗಿ ನಡೆಯಬಹುದು ಅಂದರು. ಗೆಳತಿಯ ಜೊತೆ ಹನ್ನೊಂದು ದಿನ ನೃಪತುಂಗ ಬೆಟ್ಟ ಹತ್ತಿ ಇಳಿದೆ. ಅಂಗಡಿಗೆ ಹೋಗಿ, ಚಹಾಕ್ಕೂ ಕಾಯದೆ ಬಿಲ್ ತೆಗೆಯುತ್ತೇನೆ. ನಿನ್ನೆ ಮೊಬೈಲ್ ನೆನಪಾಗಿದ್ದು 27ನೇ ಬಿಲ್ಲಿಗೆ. ಭಾಳ ಖುಷಿಯಾಯಿತು ಮಾಸ್ತರ್.

ನಡುವೆ ಬಾಯಿ ಹಾಕುವುದು ಕಡಿಮೆ ಆಗಿಲ್ಲ. ಸಂಜೆ ಮನೆಗೆ ಬಂದ ಮೇಲೆ ಅದು ಜಾಸ್ತಿ, ಅತ್ತೆ ಮಾತಿಗೆ ಕೂರುವುದೂ ಆಗಲೇ. ಅಂಗಡಿಯಿಂದ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಬಂದು ನೋಡಲಾ?