ಕೇರಳ ಪೊಲೀಸ್ ಅಕಾಡೆಮಿಗೆ ಹೊಸ ಡೈರೆಕ್ಟರ್ ಬಂದರೆ ಟ್ರೈನಿಂಗ್ ಬದಲಾಗ್ತದಾ? ಕನ್ನಡ ಮೀಡಿಯಂ ಮಕ್ಕಳು ಏನು ತಯಾರಿ ಮಾಡಬೇಕು?

ಕುಂಬಳೆ ಪೇಟೆ ಕೇಳಿದ್ದು:

ನಮ್ಮ ಕಾಸರಗೋಡು ಕಡೆಯ ನಾಲ್ಕೈದು ಮಕ್ಕಳು ಕೆಎಪಿ 4ರ (ಕೇರಳ ಸಶಸ್ತ್ರ ಪೊಲೀಸ್ 4ನೇ ಬೆಟಾಲಿಯನ್) ಕಾನ್‌ಸ್ಟೇಬಲ್ ಪಟ್ಟಿಯಲ್ಲಿದ್ದಾರೆ. ಒಬ್ಬಳು ಹುಡುಗಿ ತ್ರಿಶೂರಿನ ಅಕಾಡೆಮಿಗೆ ಹೋಗುವವಳು. ಎಲ್ಲರೂ ಕನ್ನಡ ಮೀಡಿಯಂ. ಐಪಿಎಸ್ ವರ್ಗಾವಣೆ ಪಟ್ಟಿ ಹೊರಬಿದ್ದಾಗಲೆಲ್ಲ ಇವರ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ: "ಡೈರೆಕ್ಟರ್ ಬದಲಾದ್ರು, ಇನ್ನು ಸಿಲೆಬಸ್ ಬೇರೆ, ಅವಧಿ ಬೇರೆ." ಇದರಲ್ಲಿ ನಿಜ ಎಷ್ಟು, ಗಾಳಿಸುದ್ದಿ ಎಷ್ಟು? ಇನ್ನೊಂದು, ಮನೆಯಲ್ಲಿರುವ ಐಪಿಸಿ ಗೈಡು ಓದಿದರೆ ಸಾಕಾ? ಮಲೆಯಾಳ ಮಾತಾಡಲಿಕ್ಕೆ ಎಲ್ಲರಿಗೂ ಬರ್ತದೆ, ಬರೆಯುವುದು ಕಷ್ಟ. ಗೊತ್ತಿದ್ದವರು ಬಿಡಿಸಿ ಹೇಳಿ.

ನಾಲ್ಕನೇ ಕಂಪನಿ:

ಮೊದಲು ಎರಡು ಜಾಗವನ್ನು ಬೇರೆ ಬೇರೆ ಇಟ್ಟು ನೋಡಿ. ತ್ರಿಶೂರಿನ ರಾಮವರ್ಮಪುರಂನಲ್ಲಿ ಇರುವುದು ಕೇರಳ ಪೊಲೀಸ್ ಅಕಾಡೆಮಿ, 2004ರಲ್ಲಿ ಶುರುವಾದದ್ದು. ಅದರ ಡೈರೆಕ್ಟರ್ ಐಜಿ ಅಥವಾ ಎಡಿಜಿಪಿ ದರ್ಜೆಯವರು. ನೇರ ನೇಮಕದ ಎಸ್‌ಐಗಳ ಒಂದು ವರ್ಷದ ತರಬೇತಿ ಅಲ್ಲಿ. ಹೆಂಗಸರ ಕಾನ್‌ಸ್ಟೇಬಲ್ ಬ್ಯಾಚುಗಳೂ ಅಲ್ಲಿ ನಡೆಯುತ್ತವೆ. ನಿಮ್ಮ ಗಂಡುಮಕ್ಕಳು ಹೋಗುವುದು ಕಣ್ಣೂರು ಜಿಲ್ಲೆಯ ಮಾಂಗಾಟ್ಟುಪರಂಬಕ್ಕೆ, ಕೆಎಪಿ 4ನೇ ಬೆಟಾಲಿಯನ್ನಿಗೆ. ಅಲ್ಲಿ ಮುಖ್ಯಸ್ಥರು ಕಮಾಂಡೆಂಟ್, ಅವರ ಮೇಲಿನ ಸಾಲು ಸಶಸ್ತ್ರ ಬೆಟಾಲಿಯನ್‌ಗಳದ್ದು. ತ್ರಿಶೂರಿನ ಕುರ್ಚಿಯಲ್ಲಿ ಯಾರು ಕೂತರೂ ಮಾಂಗಾಟ್ಟುಪರಂಬದಲ್ಲಿ ಬೆಳಿಗ್ಗೆಯ ಫಾಲ್‌ಇನ್ ಹೊತ್ತು ಬದಲಾಗುವುದಿಲ್ಲ.

ಕಾನ್‌ಸ್ಟೇಬಲ್ ಮೂಲ ತರಬೇತಿ 9 ತಿಂಗಳು. ಅದನ್ನು ಹಿಗ್ಗಿಸುವುದು ಕುಗ್ಗಿಸುವುದು ಡೈರೆಕ್ಟರ್ ಒಬ್ಬರ ಕೈಯಲ್ಲಿಲ್ಲ, ಮೇಲಿನಿಂದ ಆದೇಶವೇ ಬರಬೇಕು. ಪರೀಕ್ಷೆಯ ವಿಷಯಗಳೂ ಹಾಗೆಯೇ. ಹಾಗಾದರೆ ಹೊಸಬರು ಏನನ್ನು ಮುಟ್ಟಬಲ್ಲರು? ವಾರದ ಟೈಮ್‌ಟೇಬಲ್, ಹೊರಗಿನಿಂದ ಪಾಠಕ್ಕೆ ಕರೆಯುವವರು, ಔಟ್‌ಪಾಸ್, ಮೊಬೈಲ್ ಕೊಡುವ ಹೊತ್ತು, ಮೆಸ್ಸಿನ ಶಿಸ್ತು. ಒಬ್ಬರಿಗೆ ಸೈಬರ್ ಮೇಲೆ ಒಲವು, ಇನ್ನೊಬ್ಬರಿಗೆ ಪರೇಡ್ ಮೇಲೆ. ಸಂಜೆಯ ಒಂದು ಪೀರಿಯಡ್ ಅತ್ತಿಂದಿತ್ತ ಆದೀತು. ಮಕ್ಕಳಿಗೆ ಗೊತ್ತಾಗುವ ಬದಲಾವಣೆ ಅಷ್ಟೇ.

ಬ್ಯಾಚಿಗೆ ನಿಜವಾಗಿ ಪೆಟ್ಟು ಬೀಳುವುದು ಕೆಳಗಿನ ಬದಲಾವಣೆಯಿಂದ. ಚೀಫ್ ಡ್ರಿಲ್ ಇನ್‌ಸ್ಟ್ರಕ್ಟರ್ ನಡುವೆ ವರ್ಗವಾದರೆ, ಅಥವಾ ಸ್ಕ್ವಾಡಿನ ಹವಿಲ್ದಾರರನ್ನು ಚುನಾವಣೆಗೋ ಶಬರಿಮಲೆ ಸೀಸನ್ನಿಗೋ ಡ್ಯೂಟಿಗೆ ಎಳೆದರೆ, ಎರಡು ಸ್ಕ್ವಾಡನ್ನು ಒಬ್ಬರೇ ನೋಡಬೇಕು. ಆಗ ಹಿಂದಿನ ಸಾಲಿನವನ ತಪ್ಪು ತಿದ್ದಲಿಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆ ತಪ್ಪು ಪಾಸಿಂಗ್ ಔಟ್ ಪರೇಡ್ ತಾಲೀಮಿನ ಹೊತ್ತಿಗೆ ಗಟ್ಟಿಯಾಗಿ ಕೂತಿರ್ತದೆ.

ಕಡತ:

ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಪೂರ್ಣಾವಧಿ ಡೈರೆಕ್ಟರ್ ಬದಲಾಗುವುದಕ್ಕಿಂತ ಕೆಟ್ಟದ್ದು ಅಡಿಷನಲ್ ಚಾರ್ಜ್. ಬೇರೆ ಹುದ್ದೆಯಲ್ಲಿದ್ದವರಿಗೆ ಅಕಾಡೆಮಿಯ ಹೊಣೆಯನ್ನೂ ಹೊರಿಸಿದರೆ ಅವರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾರೆ. ಸಂಬಳದ ಬಿಲ್ಲು ನಡೆಯುತ್ತದೆ. ಫೈರಿಂಗ್ ರೇಂಜಿನ ರಿಪೇರಿ, ಗೆಸ್ಟ್ ಲೆಕ್ಚರರ್‌ಗಳ ಸಂಭಾವನೆ, ಹೊಸ ಪ್ರೊಜೆಕ್ಟರ್, ಇವೆಲ್ಲ "ಹೊಸಬರು ಬರಲಿ" ಎಂದು ಮೇಜಿನ ಮೇಲೆ ಕೂತುಬಿಡುತ್ತವೆ.

ಯಾಕೆ ಪದೇ ಪದೇ ಬದಲಾಗುತ್ತಾರೆ ಅಂದರೆ, ತಡೆಯುವ ಬೇಲಿ ಅಲ್ಲಿ ಇಲ್ಲ. ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಕನಿಷ್ಠ ಎರಡು ವರ್ಷ ಎಂದದ್ದು ಡಿಜಿಪಿಗೆ, ಮತ್ತು ಕಾರ್ಯಾಚರಣೆಯ ಹುದ್ದೆಗಳಲ್ಲಿ ಇರುವವರಿಗೆ: ವಲಯದ ಐಜಿ, ಜಿಲ್ಲೆಯ ಎಸ್‌ಪಿ, ಠಾಣೆಯ ಎಸ್‌ಎಚ್‌ಒ ಹೀಗೆ. ತರಬೇತಿ ಸಂಸ್ಥೆಯ ಮುಖ್ಯಸ್ಥರು ಆ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಎಲ್ಲೋ ಒಂದು ಕಡೆ ಜಾಗ ಖಾಲಿ ಮಾಡಬೇಕಾದರೆ ಮೊದಲು ಕೈ ಹೋಗುವುದು ಇಂಥ ಕುರ್ಚಿಗೆ. ಇಡೀ ಪಡೆಯನ್ನು ತಯಾರು ಮಾಡುವ ಜಾಗಕ್ಕೇ ಈ ಭದ್ರತೆ ಇಲ್ಲದ್ದು ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಆದರೆ ರಂಗರೂಟು (ಹೊಸದಾಗಿ ಸೇರಿದವನು) ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಮಹಜರು:

ಐಪಿಸಿ ಗೈಡನ್ನು ಗುಜರಿಗೆ ಹಾಕಬೇಡಿ, ಹಾಗಂತ ಅದನ್ನೇ ಓದಲೂ ಬೇಡಿ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಹಳೆ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕಲಂಗಳು ಕ್ರಮವಾಗಿ 358, 531, 170. ಅದಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಈಗಲೂ ಐಪಿಸಿಯೇ ಅನ್ವಯ. ಠಾಣೆಗೆ ಹೋದ ಮೇಲೆ ಎರಡೂ ನಂಬರ್ ಬೇಕಾಗುತ್ತದೆ.

ಇಡೀ ಪುಸ್ತಕ ಬಾಯಿಪಾಠ ಹೊಡೆಯುವ ಬದಲು ದಿನಾ ಎಫ್‌ಐಆರ್‌ನಲ್ಲಿ ಬೀಳುವ ಕಲಂಗಳಿಂದ ಶುರು ಮಾಡಿ. ದಾರಿಗಡ್ಡ ನಿಂತು ಹೊಡೆದು ಬೆದರಿಸಿದ ಕೇಸಿಗೆ ಹಿಂದೆ 341, 323, 506, ಜೊತೆಗೆ 34 ಬರೆಯುತ್ತಿದ್ದರು. ಈಗ ಅದು 126(2), 115(2), 351, ಜೊತೆಗೆ 3(5). ಕೈಯಲ್ಲಿ ಆಯುಧ ಇದ್ದರೆ 324ರ ಜಾಗದಲ್ಲಿ 118(1). ಕಳವು 379 ಹೋಗಿ 303(2), ವಂಚನೆಯ 420 ಹೋಗಿ 318(4), ಅಜಾಗರೂಕ ಚಾಲನೆಯ 279 ಹೋಗಿ 281, ಕೊಲೆಯ 302 ಹೋಗಿ 103.

ಎಲ್ಲರೂ ಎಡವುವ ಒಂದು ಜಾಗ ಉಂಟು, 173. ಹಳೆಯ ಸಿಆರ್‌ಪಿಸಿಯಲ್ಲಿ 154 ಎಂದರೆ ಎಫ್‌ಐಆರ್, 173 ಎಂದರೆ ಚಾರ್ಜ್‌ಶೀಟ್. ಹೊಸ ಸುರಕ್ಷಾ ಸಂಹಿತೆಯಲ್ಲಿ ಅದೇ 173 ಎಫ್‌ಐಆರ್ ಆಗಿದೆ, ಚಾರ್ಜ್‌ಶೀಟ್ 193ಕ್ಕೆ ಹೋಗಿದೆ. ಹಳೆ ಗೈಡು ಓದಿದವನು ಇಲ್ಲಿ ಖಂಡಿತ ತಪ್ಪು ಬರೆಯುತ್ತಾನೆ. ಸಾಕ್ಷಿ ಹೇಳಿಕೆಯ 161 ಈಗ 180, ಮರಣ ತನಿಖೆಯ 174 ಈಗ 194, ನೋಟಿಸಿನ 41ಎ ಈಗ 35(3). ಒಂದು ಹಾಳೆಯ ಎಡಕ್ಕೆ ಹಳತು, ಬಲಕ್ಕೆ ಹೊಸತು ಬರೆದು ಕನ್ನಡಿಯ ಬದಿಗೆ ಅಂಟಿಸಿ. ಗಡ್ಡ ಬೋಳಿಸುವಾಗ ಓದಿದರೂ ತಿಂಗಳಲ್ಲಿ ತಲೆಗೆ ಹತ್ತುತ್ತದೆ.

ಇನ್ನು ಮಹಜರು. ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪಟ್ಟಿ ತಯಾರಿಸಿ ಸಾಕ್ಷಿಗಳ ಸಹಿ ಹಾಕಿಸುವವರೆಗೆ ಆಡಿಯೋ-ವಿಡಿಯೋ ಮಾಡಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕಲಿಯುವವರ ಸಾಮಾನ್ಯ ತಪ್ಪು ಎಂದರೆ ವಸ್ತು ಸಿಕ್ಕಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುವುದು. ಅರಗಿನ ಸೀಲು ಒತ್ತುವುದು, ಸಾಕ್ಷಿಗಳು ಸಹಿ ಹಾಕುವುದು ಕ್ಯಾಮೆರಾದಲ್ಲಿ ಬರುವುದೇ ಇಲ್ಲ. ಆಮೇಲೆ ಕೋರ್ಟಿನಲ್ಲಿ ವಕೀಲರು ಹಿಡಿಯುವುದು ಅದೇ ಸಂದನ್ನು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮದ 63(4)ರ ಸರ್ಟಿಫಿಕೇಟೂ ಬೇಕು, ಹಳೆಯ 65ಬಿ ಇದ್ದ ಜಾಗ ಅದು.

ಪೆರ್ಲದ ಮಾಸ್ತರ್:

ಮಲೆಯಾಳದ ವಿಷಯಕ್ಕೆ ಬರೋಣ. ನಮ್ಮ ಮಕ್ಕಳಿಗೆ ಕಷ್ಟ ಕೊಡುವುದು ಗೊತ್ತಿಲ್ಲದ ಪದ ಅಲ್ಲ, ಗೊತ್ತಿದೆ ಅಂತ ತೋರುವ ಪದ. ಎರಡೂ ಭಾಷೆಗೆ ಸಂಸ್ಕೃತದಿಂದಲೇ ಬಂದು ಬೇರೆ ಬೇರೆ ದಾರಿ ಹಿಡಿದವು.

ನಮಗೆ 'ಪ್ರತಿ' ಎಂದರೆ ನಕಲು. ಅಲ್ಲಿ ಪ್ರತಿ ಎಂದರೆ ಆರೋಪಿ, ನಕಲಿಗೆ 'ಪಗರ್ಪ್ಪ್'. 'ಪ್ರತಿ ಒಳಿವಿಲ್' ಎಂದು ಕಂಡರೆ ಕಪಾಟಿನಲ್ಲಿ ಹುಡುಕಬೇಡಿ, ಆರೋಪಿ ತಲೆಮರೆಸಿಕೊಂಡಿದ್ದಾನೆ ಎಂದರ್ಥ. 'ಅವಕಾಶಂ' ಎಂದರೆ ಹಕ್ಕು. ಬಂಧಿತನ ಅವಕಾಶಂಗಳ ಬಗ್ಗೆ ಪ್ರಶ್ನೆ ಬಂದಾಗ ಅವನಿಗೆ ಏನೇನು ಚಾನ್ಸ್ ಉಂಟು ಎಂದು ಬರೆದರೆ ಸೊನ್ನೆ. 'ಸಂಭವಂ' ನಡೆದ ಘಟನೆ, ನಡೆಯಬಹುದಾದದ್ದಲ್ಲ. 'ಅಪೇಕ್ಷ' ಎಂದರೆ ಅರ್ಜಿ. 'ಉತ್ತರವ್' ಎಂದರೆ ಆದೇಶ. ಪ್ರಶ್ನೆಗೆ ಕೊಡುವುದು 'ಉತ್ತರಂ'. 'ವಿಚಾರಣ' ಕೋರ್ಟಿನಲ್ಲಿ ನಡೆಯುವುದು. ನಾವು ಠಾಣೆಯಲ್ಲಿ ವಿಚಾರಣೆ ಅನ್ನುವುದಕ್ಕೆ ಅವರು 'ಚೋದ್ಯಂ ಚೆಯ್ಯಲ್' ಅನ್ನುತ್ತಾರೆ. ತನಿಖೆ 'ಅನ್ವೇಷಣಂ', ಹೇಳಿಕೆ 'ಮೊಳಿ', ಜಪ್ತಿ ಮಾಡಿದ ಮಾಲು 'ತೊಂಡಿ', ದೋಷಾರೋಪ ಪಟ್ಟಿ 'ಕುಟ್ಟಪತ್ರಂ', ಜಾಮೀನು 'ಜಾಮ್ಯಂ'.

ಬರವಣಿಗೆಯಲ್ಲಿ ಚಿಲ್ಲಕ್ಷರ ಮೊದಲು ಕಲಿಸಿ. ನ್, ಣ್, ರ್, ಲ್, ಳ್ ಈ ಐದಕ್ಕೆ ಅಲ್ಲಿ ಬೇರೆಯೇ ರೂಪ ಉಂಟು. ಕನ್ನಡ ಕೈ ರೂಢಿಯಾದವರು ಅಲ್ಲೆಲ್ಲ ಅಕ್ಷರದ ಮೇಲೆ ಚಂದ್ರಕ್ಕಲ (ಸ್ವರ ಇಲ್ಲ ಎಂದು ತೋರಿಸುವ ಗುರುತು) ಹಾಕಿಬಿಡುತ್ತಾರೆ. ಓದುವವರಿಗೆ ಅರ್ಥ ಆದೀತು, ಆದರೆ ಪ್ರತಿ ಪದಕ್ಕೂ ಕಣ್ಣು ಮುಗ್ಗರಿಸುತ್ತದೆ. ದಿನಾ ಮಲೆಯಾಳ ಪತ್ರಿಕೆಯ ಒಂದು ಅಪರಾಧ ಸುದ್ದಿಯನ್ನು ನೋಡಿ ಬರೆಯಲಿ, ಮಾರನೇ ದಿನ ಅದನ್ನೇ ಇನ್ನೊಬ್ಬರು ಓದಿ ಹೇಳಿ ಉಕ್ತಲೇಖನ ಮಾಡಿಸಲಿ. ಮೂರು ತಿಂಗಳು ಬಿಡದೆ ಮಾಡಿದರೆ ಕ್ಲಾಸಿನ ನೋಟ್ಸ್ ಹಿಡಿಯುವ ವೇಗ ಬರುತ್ತದೆ.

ಅತ್ತ ಕನ್ನಡವನ್ನು ಬಿಟ್ಟುಹಾಕುವುದೂ ಬೇಡ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಿಗೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ ದೂರು ಹೇಳುವವರು ಬರುತ್ತಾರೆ. ಬಾಯಿಮಾತಿನ ದೂರನ್ನು ಬರೆದುಕೊಂಡು, ಹೇಳಿದವನಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಎಂದು 173 ಹೇಳುತ್ತದೆ. (ಇದು ನಮ್ಮ ಪ್ರತಿ!) ಮಲೆಯಾಳದಲ್ಲಿ ಬರೆದದ್ದನ್ನು ಅಜ್ಜಿಗೆ ಕನ್ನಡದಲ್ಲೋ ತುಳುವಿನಲ್ಲೋ ಸರಿಯಾಗಿ ಓದಿ ಹೇಳಬಲ್ಲ ಪೊಲೀಸನಿಗೆ ಈ ಗಡಿಯಲ್ಲಿ ಬೆಲೆ ಜಾಸ್ತಿ.

ಕುಂಬಳೆ ಪೇಟೆ:

ಮಾಸ್ತರ್ರೇ, 'ಅವಕಾಶಂ' ನೋಡಿ ನಮ್ಮವರೆಲ್ಲ ಬೆಚ್ಚಿಬಿದ್ದರು. ಉಪಕಾರ. ಇನ್ನು ಒಂದೇ ಸಂಶಯ: ಓಟದಲ್ಲಿ ಪಾಸಾದವರು ಕೂಡ ಪರೇಡಿನಲ್ಲಿ ತಲೆತಿರುಗಿ ಬೀಳ್ತಾರೆ, ಕಾಲು ನೋವು ಅಂತ ಆಸ್ಪತ್ರೆ ಸೇರ್ತಾರೆ ಅಂತಾರಲ್ಲ, ಯಾಕೆ?

ಡ್ರಿಲ್ ಚೌಕ:

ಪಿಎಸ್‌ಸಿ (ಲೋಕಸೇವಾ ಆಯೋಗ) ದೈಹಿಕ ಪರೀಕ್ಷೆಯ 'ಒನ್ ಸ್ಟಾರ್' ಮಟ್ಟದ ಪಟ್ಟಿಯಲ್ಲಿ 8ರಲ್ಲಿ 5 ಗೆದ್ದರೆ ಸಾಕು. ಹುಡುಗರು 100 ಮೀಟರ್ 14 ಸೆಕೆಂಡ್, ಲಾಂಗ್ ಜಂಪ್, ಹೈ ಜಂಪ್, ಕ್ರಿಕೆಟ್ ಬಾಲ್ ಎಸೆತ, ಗುಂಡೆಸೆತ ಹಿಡಿದು, 5 ನಿಮಿಷ 44 ಸೆಕೆಂಡಿನ 1500 ಮೀಟರನ್ನೂ ಬರೇ ಕೈಯಲ್ಲಿ ಹತ್ತುವ ಹಗ್ಗವನ್ನೂ ಬಿಟ್ಟುಬಿಡುತ್ತಾರೆ. ತರಬೇತಿಯಲ್ಲಿ ದಿನಾ ಬೇಕಾಗುವುದು ಆ ಬಿಟ್ಟ ಎರಡೇ: ದಮ್ಮು ಮತ್ತು ತೋಳು.

ಕಾಲುನೋವು ಹೆಚ್ಚಾಗಿ ಮೊಣಕಾಲಿನ ಕೆಳಗೆ, ಮುಂಗಾಲ ಎಲುಬಿನ ಒಳಬದಿಗೆ. ಗದ್ದೆಬದಿಯ ಮೆತ್ತನೆ ಮಣ್ಣಿನಲ್ಲಿ ಕ್ಯಾನ್ವಾಸ್ ಹಾಕಿ ಓಡಿದವನು ಒಮ್ಮೆಲೇ ಗಟ್ಟಿ ಮೈದಾನದಲ್ಲಿ ಗಟ್ಟಿ ಬೂಟು ಹಾಕಿ ಹಿಮ್ಮಡಿ ಬಡಿಯಲು ಶುರುಮಾಡಿದರೆ ಎಲುಬಿಗೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಎರಡು ತಿಂಗಳು ಮೊದಲೇ ಗಟ್ಟಿ ಅಟ್ಟೆಯ ಬೂಟು ಹಾಕಿ ದಿನಾ 20 ನಿಮಿಷ ನಡೆಯಲಿ, ವಾರಕ್ಕೆ ಐದೈದು ನಿಮಿಷ ಏರಿಸಲಿ. ಬೂಟು ಕೊಳ್ಳುವುದು ಸಂಜೆ, ಕಾಲು ಸ್ವಲ್ಪ ಊದಿರುವಾಗ, ದಪ್ಪ ಸಾಕ್ಸ್ ಹಾಕಿಕೊಂಡೇ. ಬೆರಳಿನಿಂದ ಒತ್ತಿದಾಗ ಎಲುಬಿನ ಒಂದೇ ಬಿಂದುವಿನಲ್ಲಿ ಚುಚ್ಚಿದ ಹಾಗೆ ನೋವಾದರೆ ಅದು ಬಿರುಕಿನ ಲಕ್ಷಣ ಇರಬಹುದು. ಮುಚ್ಚಿಟ್ಟು ಓಡಿದರೆ ವಾರಗಟ್ಟಲೆ ಮಲಗಬೇಕಾದೀತು, ಸಿಕ್ ರಿಪೋರ್ಟ್ ಮಾಡಲು ನಾಚಿಕೆ ಬೇಡ.

ತಲೆತಿರುಗುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಸಾವಧಾನ್‌ನಲ್ಲಿ (ಅಟೆನ್ಷನ್) ಹಿಮ್ಮಡಿ ಕೂಡಿ, ಪಾದದ ತುದಿಗಳ ನಡುವೆ 30 ಡಿಗ್ರಿ ಬಿಟ್ಟು ನಿಂತಾಗ ಹೊಸಬರು ಮೊಣಕಾಲನ್ನು ಹಿಂದಕ್ಕೆ ಒತ್ತಿ ಬೀಗ ಹಾಕಿಬಿಡುತ್ತಾರೆ. ಮೀನಖಂಡ ಅಲುಗದಿದ್ದರೆ ರಕ್ತ ಕಾಲಲ್ಲೇ ನಿಲ್ಲುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಮೊಣಕಾಲು ನೇರ ಇರಲಿ, ಬಿಗಿ ಬೇಡ. ಬೂಟಿನ ಒಳಗೆ ಬೆರಳು ಮಡಚಿ ಬಿಡಿಸುತ್ತಾ ಇರಲಿ, ಹೊರಗೆ ಯಾರಿಗೂ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮೈದಾನಕ್ಕೆ ಇಳಿಯಬಾರದು.

ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ತೇಜ್ ಚಲ್ (ಕ್ವಿಕ್ ಮಾರ್ಚ್) ನಿಮಿಷಕ್ಕೆ 120 ಹೆಜ್ಜೆ, ಒಂದು ಹೆಜ್ಜೆ 30 ಇಂಚು. ಅಂಗಳದಲ್ಲಿ ಸುಣ್ಣದಿಂದ 30 ಇಂಚಿಗೊಂದರಂತೆ ಹತ್ತು ಗೆರೆ ಎಳೆದು, ಮೊಬೈಲಿನ ಮೆಟ್ರೊನೋಮ್ (ತಾಳ ಬಡಿಯುವ ಆ್ಯಪ್) 120ಕ್ಕೆ ಇಟ್ಟು ನಡೆಯಲಿ. ಉದ್ದ ಕಾಲಿನವರು ಗೆರೆ ದಾಟುತ್ತಾರೆ, ಗಿಡ್ಡವರು ಹಿಂದೆ ಉಳಿಯುತ್ತಾರೆ. ಮೂರು ದಿನದಲ್ಲಿ ಯಾರಿಗೆ ಏನು ತಿದ್ದಬೇಕೆಂದು ಅವರಿಗೇ ಕಾಣುತ್ತದೆ. ಶಾಲೆಯಲ್ಲಿ ಎಸ್‌ಪಿಸಿ (ಸ್ಟೂಡೆಂಟ್ ಪೊಲೀಸ್) ಕೆಡೆಟ್ ಆಗಿದ್ದವರು ಗುಂಪಿನಲ್ಲಿ ಇದ್ದರೆ ಕಮಾಂಡ್ ಕೊಡಲು ಅವರನ್ನೇ ನಿಲ್ಲಿಸಿ, ಕೇರಳದಲ್ಲಿ ಅದು 2010ರಿಂದಲೇ ಉಂಟು.

ನಾಲ್ಕನೇ ಕಂಪನಿ:

ಫೈರಿಂಗ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಬಲಗೈಯವರ ಗುಂಡು ಸಾಲಾಗಿ ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ರೈಫಲ್ಲಿನ ಸೈಟ್ (ಗುರಿ ನೋಡುವ ಭಾಗ) ತಿರುಗಿಸಲು ಹೋಗಬೇಡಿ. ಅದು ಸದ್ದಿಗೆ ಹೆದರಿ ಟ್ರಿಗರನ್ನು ಎಳೆದುಬಿಡುವ ಚಟ. ಖಾಲಿ ರೈಫಲ್ಲಿನ ನಳಿಗೆಯ ತುದಿಯಲ್ಲಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತುವ ಅಭ್ಯಾಸವನ್ನು ಉಸ್ತಾದರು ಮಾಡಿಸುತ್ತಾರೆ. ನಾಣ್ಯ ಹತ್ತು ಸಲ ನಿಂತ ಮೇಲೆ, ಎಲ್ಲ ಒಂದೇ ಕಡೆ ಬೀಳುವ ಹಾಗೆ ಹೊಡೆಯುವ ಐದು ಗುಂಡಿನ ಗ್ರೂಪಿಂಗ್‌ಗೆ ಹೋಗಿ.