ಯುದ್ಧಕಾಲದಲ್ಲಿ ಅಪಘಾತದಿಂದ ತೀರಿಹೋದ ಸೈನಿಕನಿಗೆ ಸಲ್ಲುವ ಮಾತು ಯಾವುದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿ, ಹೊರದೇಶದ ಯಾವ ರಣರಂಗವನ್ನೂ ಕಾಣದೆ, ದೇಶದೊಳಗಿನ ದಂಡುಪ್ರದೇಶವೊಂದರಲ್ಲಿ ಲಾರಿ ಮಗುಚಿ ತೀರಿಹೋದ 19ರ ಹರೆಯದ ಯುವಕರೊಬ್ಬರ ಹೆಸರನ್ನು ವಿರಾಜಪೇಟೆ ಕಡೆಯ ನಮ್ಮ ಊರಿನ ಸ್ಮಾರಕಫಲಕಕ್ಕೆ ಸೇರಿಸಬೇಕಾಗಿದೆ. ಹೆಸರಿನ ಕೆಳಗೆ ಬರುವ ಒಂದೇ ಸಾಲಿನಲ್ಲಿ ಅವರ ಸಾವನ್ನು ಯಾವ ಕ್ರಿಯಾಪದದಿಂದ ಹೇಳಬೇಕೆಂಬುದರಲ್ಲಿ ಊರಿನವರಿಗೆ ಒಮ್ಮತವಿಲ್ಲ.

ಹೆಚ್ಚಿನವರು ಸೂಚಿಸುವುದು ‘ಹುತಾತ್ಮರಾದರು’ ಎಂದು. ಹುತವೆಂದರೆ ಹೋಮದಲ್ಲಿ ಅರ್ಪಿಸಿದ್ದು. ಆದ್ದರಿಂದ ಆ ಪದದಲ್ಲಿ ತನ್ನನ್ನು ತಾನೇ ಅರ್ಪಿಸಿಕೊಂಡ ಅರ್ಥವಿದೆ. ಇಂದಿನ ಪತ್ರಿಕೆಗಳು ಸೇವೆಯಲ್ಲಿದ್ದು ಸತ್ತ ಎಲ್ಲ ಯೋಧರಿಗೂ ಅದನ್ನು ಬಳಸುತ್ತಿರುವುದರಿಂದ ಅರ್ಥ ಹಿಗ್ಗಿದೆಯೆಂದು ಒಪ್ಪಬಹುದು. ‘ವೀರಮರಣ’ ಮಾತ್ರ ಇಲ್ಲಿ ಒಪ್ಪುವುದಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಶತ್ರುವಿಮಾನದೊಡನೆ ಕಾದಾಡಿ ಮಡಿದ, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ನಮ್ಮ ಕೊಡಗಿನ ವಾಯುಪಡೆ ಯೋಧ ಅಜ್ಜಮಾಡ ದೇವಯ್ಯನವರಂಥವರಿಗೆ ಸಲ್ಲುವ ಪದವದು.

‘ಅಪಘಾತದಲ್ಲಿ ಮೃತಪಟ್ಟರು’ ಎಂಬುದು ಸತ್ಯವಾದರೂ ಹೆದ್ದಾರಿಯ ಸುದ್ದಿಯಂತೆ ಕೇಳಿಸುತ್ತದೆ. ಸಮವಸ್ತ್ರದ ಸುಳಿವೇ ಅದರಲ್ಲಿಲ್ಲ. ‘ದುರ್ಮರಣ’ ಎಂದು ಒಬ್ಬ ಹಿರಿಯರು ಹೇಳಿದರು. ಆ ಪದಕ್ಕೆ ಅಂಟಿಕೊಂಡಿರುವ ಅಪರಕರ್ಮದ ಶಂಕೆಗಳನ್ನು ನೆನೆದರೆ, ಮಗನನ್ನು ಕಳೆದುಕೊಂಡ ಒಕ್ಕದವರ (ಮನೆತನದವರ) ಕಣ್ಣೆದುರು ಅದನ್ನು ಕಲ್ಲಿನಲ್ಲಿ ಕೆತ್ತಿಸುವುದು ನನಗೆ ಕ್ರೌರ್ಯವೆನಿಸುತ್ತದೆ.

ಸಾವಿನ ಕಾರಣವನ್ನು ಮರೆಮಾಚಬಾರದೆಂಬುದು ನನ್ನ ಅಭಿಪ್ರಾಯ. ನಮ್ಮ ವೀರಗಲ್ಲುಗಳು ತುರುಗಳನ್ನು ಮರಳಿಸಿ ಸತ್ತವನನ್ನೂ ಬೇಟೆಯಲ್ಲಿ ಕಾಡುಮೃಗದೊಡನೆ ಹೋರಾಡಿ ಸತ್ತವನನ್ನೂ ಅವರವರ ಸಾವಿನ ಬಗೆಯೊಡನೆಯೇ ನೆನೆದಿವೆ. ಎರಡೂ ಮಹಾಯುದ್ಧಗಳ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೂ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗಲೇ ತೀರಿದವರನ್ನು, ಗುಂಡಿಗೆ ಬಿದ್ದವರಾಗಲಿ, ಜ್ವರಕ್ಕೋ ಅಪಘಾತಕ್ಕೋ ಬಲಿಯಾದವರಾಗಲಿ, ಸಮಾನವಾಗಿಯೇ ಸ್ಮರಿಸುತ್ತದೆ. ಸತ್ತ ಸ್ಥಳ ರಣರಂಗವೋ ಸ್ವದೇಶದ ಶಿಬಿರವೋ ಎಂಬ ಭೇದವೂ ಅಲ್ಲಿಲ್ಲ. ಗೌರವ ಸೇವೆಗೆ ಸಲ್ಲುವುದಾದರೆ ಕಾರಣವನ್ನು ಹೇಳಲು ಅಂಜಿಕೆಯೇಕೆ?

ಹೀಗಾಗಿ ‘ಯುದ್ಧಕಾಲದ ಸೈನ್ಯಸೇವೆಯಲ್ಲಿರುವಾಗ ವಾಹನದ ಅವಘಡದಲ್ಲಿ ಪ್ರಾಣ ತೆತ್ತರು’ ಎಂದು ಬರೆದುಕೊಂಡಿದ್ದೇನೆ. ಇದರಲ್ಲಿ ‘ತೆತ್ತರು’ ಎಂಬುದು ನನ್ನನ್ನು ಕಾಡುತ್ತಿದೆ, ಏಕೆಂದರೆ ತೆರುವುದರಲ್ಲಿ ತಿಳಿದು ಕೊಡುವ ಭಾವವಿದೆ. ‘ಕಳೆದುಕೊಂಡರು’ ಎಂದರೆ ಆ ತೊಡಕಿಲ್ಲ, ಆದರೆ ಸಾಲು ಸಪ್ಪೆಯಾಗುತ್ತದೆ. ‘ತೀರಿಕೊಂಡರು’ ಎಂಬುದು ನಮ್ಮ ಕಡೆ ವಯಸ್ಸಾಗಿಯೋ ಕಾಯಿಲೆಯಿಂದಲೋ ಹೋದವರಿಗೆ ಹೆಚ್ಚಾಗಿ ಬರುತ್ತದೆ. ದೇಶದೊಳಗೇ ಸಲ್ಲಿಸಿದ ಸೇವೆಗೆ ‘ಒಳನಾಡಿನ ಸೇವೆ’ ಎಂಬ ಪ್ರಯೋಗ ಹಳೆಯ ಸೈನಿಕರ ಕಾಗದಪತ್ರಗಳಲ್ಲಿ ಯಾರಿಗಾದರೂ ಕಂಡಿದೆಯೇ, ‘ತೆತ್ತರು’ ಎಂಬುದನ್ನು ಅಪಘಾತದ ಸಾವಿಗೂ ಬಳಸಿದ ಹಿಂದಿನ ಉದಾಹರಣೆಗಳಿವೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.