‘ಲಾಭರಹಿತ ಸಂಸ್ಥೆ’ ಸರಿಯೇ? ‘ಸರ್‌ಪ್ಲಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸೇವಾಸಂಸ್ಥೆಗಳ ನಿರ್ವಹಣೆ, ನಾಯಕತ್ವ ಓದುವ ಎಂ.ಎ. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇವರಲ್ಲಿ ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ ಬಂದವರು ಜಾಸ್ತಿ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ನಾನ್‌ಪ್ರಾಫಿಟ್’. ಪತ್ರಿಕೆಗಳಲ್ಲಿ ‘ಲಾಭರಹಿತ ಸಂಸ್ಥೆ’ ಅಂತ ಬರುತ್ತದೆ. ಓದಿದವರಿಗೆ ಅಲ್ಲಿ ಲಾಭವೇ ಆಗಬಾರದು, ವರ್ಷದ ಕೊನೆಗೆ ಕೈ ಬರಿದಾಗಿರಬೇಕು ಅನ್ನಿಸುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ನೋಡಿ. ಲಾಭ ಬಂದರೆ ಅದನ್ನು ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು, ಸದಸ್ಯರಿಗೆ ಡಿವಿಡೆಂಡ್ ಕೊಡಬಾರದು, ಇಷ್ಟೇ. ಅಡ್ಡಿ ಇರುವುದು ಹಂಚುವುದಕ್ಕೆ. ಹಾಗಾಗಿ ನನಗೆ ‘ಲಾಭ ಹಂಚದ ಸಂಸ್ಥೆ’ ಹೆಚ್ಚು ಒಪ್ಪಿಗೆ. ಗುಜರಾತಿನ ಆಣಂದ್‌ನಲ್ಲಿ 1979ರಲ್ಲಿ ಶುರುವಾದ, ಗ್ರಾಮೀಣ ನಿರ್ವಹಣೆ ಕಲಿಸುವ ಇರ್ಮಾದಂಥ ಕಡೆ ಕಲಿತವರು ಹಾಲು ಒಕ್ಕೂಟಕ್ಕೂ ಹೋಗುತ್ತಾರೆ, ಎನ್‌ಜಿಒಗೂ ಹೋಗುತ್ತಾರೆ. ಹಾಲಿನ ಸೊಸೈಟಿ ಲಾಭದಲ್ಲಿ ಸದಸ್ಯರಿಗೆ ಬೋನಸ್ ಕೊಡಬಹುದು, ಎನ್‌ಜಿಒ ಕೊಡುವ ಹಾಗಿಲ್ಲ. ‘ಹಂಚದ’ ಅಂದರೆ ಈ ವ್ಯತ್ಯಾಸ ಹೆಸರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಎರಡನೆಯದು ‘ಸರ್‌ಪ್ಲಸ್’, ಅಂದರೆ ವರ್ಷದ ಆದಾಯದಲ್ಲಿ ಖರ್ಚು ಕಳೆದು ಮಿಕ್ಕುವ ಮೊತ್ತ. ಕಷ್ಟ ಇರುವುದು ಇಲ್ಲೇ. ಸಂಘಗಳ ಜಮಾ-ಖರ್ಚಿನಲ್ಲಿ ‘ಆರಂಭದ ಶಿಲ್ಕು’, ‘ಅಖೈರು ಶಿಲ್ಕು’ ಅಂತ ಇರುತ್ತದೆ. ಶಿಲ್ಕು ಒಳ್ಳೆಯ ಪದ. ಹಳ್ಳಿಯ ಸಂಘದ ಕಾರ್ಯದರ್ಶಿಗೂ ಗೊತ್ತು. ಆದರೆ ಅದು ಆ ದಿನ ಕೈಯಲ್ಲಿ, ಬ್ಯಾಂಕಿನಲ್ಲಿ ಇರುವ ದುಡ್ಡು. ಒಂದು ಶಾಲಾ ಕಾರ್ಯಕ್ರಮಕ್ಕೆ ಮೂರು ವರ್ಷದ ಅನುದಾನ 9 ಲಕ್ಷ ರೂಪಾಯಿ ಮಾರ್ಚ್ 28ಕ್ಕೆ ಒಟ್ಟಿಗೇ ಬಂತು ಅನ್ನಿ. ಮಾರ್ಚ್ 31ರ ಶಿಲ್ಕಿನಲ್ಲಿ ಆ 9 ಲಕ್ಷವೂ ಸೇರಿರುತ್ತದೆ. ಹಾಗಂತ ಅದು ಸರ್‌ಪ್ಲಸ್ ಅಲ್ಲ. ಮುಂದಿನ ಮೂರು ವರ್ಷದ ಟೀಚರ್ ಸಂಬಳ ಅದರಲ್ಲೇ ಇದೆ, ಕೊಟ್ಟವರು ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಮುಟ್ಟುವಂತಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ, ಹೊಸದಾಗಿ ಸಂಸ್ಥೆ ನಡೆಸುವವರು ಆಫೀಸಿನ ಬಾಡಿಗೆಗೂ ಅದೇ ದುಡ್ಡು ತೆಗೆದುಬಿಡುತ್ತಾರೆ. ಆಮೇಲೆ ಲೆಕ್ಕ ಒಪ್ಪಿಸುವಾಗ ಪೇಚಾಟ.

ಬಜೆಟ್ ಸುದ್ದಿಯಲ್ಲಿ ‘ಉಳಿತಾಯ ಬಜೆಟ್’ ಅನ್ನುತ್ತಾರೆ. ಆದರೆ ‘ಉಳಿತಾಯ’ ಅಂದ ಕೂಡಲೇ ಬ್ಯಾಂಕಿನ ಪಾಸ್‌ಬುಕ್ ನೆನಪಾಗುತ್ತದೆ. ‘ಹೆಚ್ಚುವರಿ’ ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಇವರಿಗ್ಯಾಕೆ ಇನ್ನೂ ದೇಣಿಗೆ ಎಂಬ ಅರ್ಥ ಬಂದುಬಿಡುತ್ತದೆ. ‘ಮಿಗತೆ’ ಚಿಕ್ಕದು, ‘ಕೊರತೆ’ಗೆ ಸರಿಯಾದ ಜೋಡಿ. ನನ್ನ ಒಲವು ಇದಕ್ಕೇ. ಅರ್ಥಶಾಸ್ತ್ರದ ಪುಸ್ತಕಗಳಾಚೆ ಬಳಕೆ ಕಡಿಮೆ ಅನ್ನೋದೊಂದೇ ಅಳುಕು.

(‘ಕಾರ್ಪಸ್’ಗೆ ‘ಇಡುಗಂಟು’ ಅಂತ ಹಾಕಿದ್ದೇನೆ. ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ಹಣಕ್ಕೆ ಇದಕ್ಕಿಂತ ಚೆಂದದ ಪದ ಸಿಗಲಿಕ್ಕಿಲ್ಲ.)

ನಿಮ್ಮೂರಿನ ಟ್ರಸ್ಟ್, ಯುವಕ ಸಂಘ, ಮಹಿಳಾ ಮಂಡಳಿಯ ವಾರ್ಷಿಕ ವರದಿ ಮನೆಯಲ್ಲಿದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ. ವರ್ಷದ ಆದಾಯ ಖರ್ಚಿಗಿಂತ ಹೆಚ್ಚಾದಾಗ ಆ ಮೊತ್ತದ ಎದುರು ಏನಂತ ಬರೆದಿದ್ದಾರೆ? ಗದಗ ಕಡೆಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಗಿತ್ತು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಇದಕ್ಕೊಂದು ಪದ ಇದ್ದೀತು.